ನೊರೆ ಸೇವಾಕರ್ತರು

ವಾಲಂಟಿಯರ್ ಅಂದರೆ ನಮ್ಮ ತಲೆಯಲ್ಲಿ ಕೆಲವು ಚಿತ್ರಗಳಿದ್ದವು. ಗಣೇಶನ ಪೆಂಡಾಲಿಗೆ ಬೊಂಬು ಹೊರುವ ಹುಡುಗ. ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಗಂಟಲು ಹರಿದುಕೊಳ್ಳುವವನು. ಮದುವೆಮನೆಯಲ್ಲಿ ಪಂಚೆ ಎತ್ತಿಕಟ್ಟಿ ಸಾರಿನ ಬಕೆಟ್ ಹಿಡಿದು ಓಡುವ ಭಾವಮೈದ. ಬೆಂಗಳೂರು ಈಗ ಇನ್ನೊಬ್ಬನನ್ನು ಸೇರಿಸಿದೆ: ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಕುಡಿಸುವ ಹೊಸ ಮೈಕ್ರೋಬ್ರೂವರಿಯ ಓಪನಿಂಗ್‌ನಲ್ಲಿ ಕೂಲಿಯಿಲ್ಲದೆ ಖಾಲಿ ಗ್ಲಾಸ್ ಎತ್ತುವವನು. ಅಂದರೆ ನಾನು.

ಗೆಳೆಯ ಕಳಿಸಿದ ಮೆಸೇಜಿನಲ್ಲಿ "ಕೆಲಸ" ಅನ್ನುವ ಪದವೇ ಇರಲಿಲ್ಲ. "ನಮ್ಮ ಕಮ್ಯುನಿಟಿಗೆ ಬನ್ನಿ" ಅಂತಿತ್ತು. ಸಂಬಳ ಇಲ್ಲ. ಒಂದು ಕಪ್ಪು ಟೀ ಶರ್ಟು, ಒಂದು ಬಿಯರ್ ಕೂಪನ್. ಅದಕ್ಕೂ ಅರ್ಜಿ, ಫೋನಿನಲ್ಲಿ ಇಂಟರ್‌ವ್ಯೂ! "ಬಿಯರ್ ನಿಮಗೆ ಏನು ಕಲಿಸಿದೆ?" ಅಂತ ಕೇಳಿದರು. ತಾಳ್ಮೆ ಅಂದೆ. ಪಾಸಾದೆ. ನಮ್ಮ ಬಡಾವಣೆಯ ಕೆರೆ ಕ್ಲೀನ್ ಮಾಡೋಕೆ ಜನ ಕರೆದಾಗ ಬಂದವರು ನಾಲ್ವರು, ಅದರಲ್ಲಿ ಒಬ್ಬರು ದಾರಿ ತಪ್ಪಿ ಬಂದವರು. ಇಲ್ಲಿ ವೇಟಿಂಗ್ ಲಿಸ್ಟ್ ಇತ್ತು.

ಸಂಜೆ ಐದಕ್ಕೇ ಬಾಗಿಲಲ್ಲಿ ಜಾತ್ರೆ. 2010–11ರ ಹೊತ್ತಿಗೆ ಇಂದಿರಾನಗರ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ಇಂಥ ಜಾಗಗಳು ಶುರುವಾದಾಗ ಜನ ಬೆರಗಾದದ್ದು ಸರಿ. ಈಗ ಗಲ್ಲಿಗೊಂದು ಇದೆ. ಆದರೂ ಸಾಲು ಪಕ್ಕದ ಮೆಡಿಕಲ್ ಶಾಪ್ ದಾಟಿ ತಿರುವಿಗೆ ಹೋಗಿತ್ತು. ಒಂದೂವರೆ ಗಂಟೆ ನಿಂತರೂ ಒಬ್ಬರ ಮುಖದಲ್ಲೂ ಬೇಸರ ಇಲ್ಲ. 2024ರ ಲೋಕಸಭಾ ಚುನಾವಣೆ ನೆನಪಾಯಿತು. ಬೆರಳ ಶಾಯಿ ತೋರಿಸಿದರೆ ದೋಸೆ ಫ್ರೀ, ಬಿಯರ್ ಫ್ರೀ ಅಂತ ಹೋಟೆಲಿನವರು ಬೇಡಿಕೊಂಡರೂ ಬೆಂಗಳೂರು ದಕ್ಷಿಣದಲ್ಲಿ ಬಿದ್ದದ್ದು ಶೇ. 53ರಷ್ಟು ಮತ. ಮತಗಟ್ಟೆಯಲ್ಲಿ ಲೈನ್ ಚಿಕ್ಕದಾಗಿದ್ದೇ ತಪ್ಪಾಯಿತೇನೋ.

ನನ್ನನ್ನು ಮೊದಲು ಕೈಪಟ್ಟಿ ಕಟ್ಟೋಕೆ ಹಾಕಿದರು. 21 ತುಂಬಿದೆಯಾ ಅಂತ ಕಾರ್ಡ್ ನೋಡಿ ಕಟ್ಟಬೇಕು. ರಕ್ಷಾಬಂಧನದಲ್ಲೂ ಇಷ್ಟು ಕೈ ನೋಡಿರಲಿಲ್ಲ. ತಲೆ ಪೂರ್ತಿ ನರೆತ ಒಬ್ಬರು ತಾವಾಗಿಯೇ ಆಧಾರ್ ತೆಗೆದು ತೋರಿಸಿದರು. ಬೇಡ ಅಂದರೆ ಬೇಜಾರು ಮಾಡಿಕೊಂಡರು.

ಒಳಗೆ ಗಾಜಿನ ಹಿಂದೆ ಫಳಫಳ ಟ್ಯಾಂಕುಗಳು. ಬ್ರೂವರ್ ಮಹಾಶಯರು ನಮಗೆ ಪಾಠ ಮಾಡಿದರು. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುತ್ತಲ್ಲ, ಅದಕ್ಕೆ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎಲ್ಲ ಯೀಸ್ಟಿನ ಕೈಚಳಕ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಕ್ಕರೆ ತಿಂದು ಮದ್ಯ ಕೊಡುತ್ತದೆ, ಗ್ಯಾಸ್ ಬಿಡುತ್ತದೆ. ಉಳಿದ ಚರಟ ದನದ ಮೇವಿಗೆ ಹೋಗುತ್ತದೆ. ಕೇಳುತ್ತಾ ಒಂದು ವಿಷಯ ಹೊಳೆಯಿತು. ಯೀಸ್ಟಿಗೆ ಸಕ್ಕರೆ ಇದೆ. ದನಕ್ಕೆ ಚರಟ ಇದೆ. ಆ ಕಟ್ಟಡದಲ್ಲಿ ಕೂಲಿ ಇಲ್ಲದೆ ದುಡಿಯುತ್ತಿದ್ದ ಜೀವಿಗಳು ನಾವು ಮಾತ್ರ.

ಎಂಟಕ್ಕೆ ಗ್ಲಾಸು ಸಾಲಲಿಲ್ಲ. ನನ್ನನ್ನು ಸಿಂಕಿಗೆ ಎಳೆದರು. ಬಿಸಿನೀರಲ್ಲಿ ತೊಳೆದ ಗ್ಲಾಸು ತಣ್ಣಗಾಗುವ ಮೊದಲೇ ಕಿತ್ತುಕೊಂಡು ಬಿಯರ್ ನಲ್ಲಿಗೆ ಹಿಡಿಯುತ್ತಿದ್ದರು. ಬಿಸಿ ಗ್ಲಾಸಿಗೆ ತಣ್ಣನೆ ಬಿಯರ್ ಬಿದ್ದರೆ ಕೇಳಬೇಕಾ, ಮುಕ್ಕಾಲು ನೊರೆ. ಕುಡಿಯುವವನು ಮೂಗಿಗೆ ನೊರೆ ಹಚ್ಚಿಕೊಂಡು ನನ್ನ ಬಳಿ ಬಂದ. "ಬ್ರೋ, ಬಿಯರ್ ಇದರ ಕೆಳಗಿದೆಯಾ?" ಟೀ ಶರ್ಟಿನ ಬೆನ್ನ ಮೇಲೆ "ನನ್ನನ್ನು ಕೇಳಿ" ಅಂತ ಬರೆದಿತ್ತು. ಮದುವೆಮನೆಯಲ್ಲಿ ಪಾಯಸ ಕಡಿಮೆ ಬಿದ್ದರೆ ಬೈಸಿಕೊಳ್ಳೋಕೆ ಹುಡುಗಿ ಕಡೆಯವರು ಇರುತ್ತಾರೆ. ಇಲ್ಲಿ ನಾನೇ ಹುಡುಗಿ ಕಡೆ.

ಹನ್ನೆರಡೂವರೆಗೆ ಕೂಪನ್ ತೋರಿಸಿದೆ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಾಲೀಕರು ಬೆನ್ನು ತಟ್ಟಿ, "ಯು ಆರ್ ಫ್ಯಾಮಿಲಿ" ಅಂದರು. ಆಮೇಲೆ ನೆಲ ಒರೆಸೋಕೆ ಮಾಪ್ ಕೊಟ್ಟರು. ಫ್ಯಾಮಿಲಿ ಅನ್ನೋದು ಖಾತ್ರಿಯಾಯಿತು.

ಆಟೋದವನು ಒಂದೂವರೆ ಮೀಟರ್ ಕೇಳಿ ಹತ್ತಿಸಿಕೊಂಡ. ಟೀ ಶರ್ಟ್ ನೋಡಿ, "ಎಷ್ಟು ಕೊಡ್ತಾರೆ ಸಾರ್ ದಿನಕ್ಕೆ?" ಅಂದ. ಏನೂ ಇಲ್ಲ, ಸೇವೆ ಅಂದೆ. ಕನ್ನಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. "ಹಿಂದಿನ ಜನ್ಮದ ಸಾಲ ಇರಬೇಕು ಸಾರ್." ಇಳಿಯುವಾಗ ಇಪ್ಪತ್ತು ರೂಪಾಯಿ ಬಿಟ್ಟ. ಆ ರಾತ್ರಿಯ ನನ್ನ ಸಂಪಾದನೆ ಅಷ್ಟು.