ಎಂಟು ಬೇಕಿದ್ದಲ್ಲಿ ಮೂರು

ಅಮೆರಿಕನ್ ಫುಟ್‌ಬಾಲ್‌ನ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಪಂದ್ಯಗಳು, ಹತ್ತಿರವಾದವೆಂದರೆ ಅಮೆರಿಕದ ಕ್ರೀಡಾ ವಾಹಿನಿಗಳಲ್ಲಿ ಡೆಟ್ರಾಯಿಟ್ ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಅವರ ಆ ಎರಡು ನಿರ್ಧಾರಗಳ ವಾರ್ಷಿಕ ಶ್ರಾದ್ಧ ಶುರುವಾಗುತ್ತದೆ. 2024ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಅವರು ನಾಲ್ಕನೇ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಕೊನೆಯದು) ಎರಡು ಬಾರಿ, ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುವ ಫೀಲ್ಡ್ ಗೋಲ್ ಬಿಟ್ಟು ಮುನ್ನುಗ್ಗಿದರು, ಎರಡೂ ಕೈಕೊಟ್ಟವು, ತಂಡ 31-34ರಲ್ಲಿ ಸೋತಿತು. ಮೊದಲನೆಯ ಸಲ ಬೇಕಿದ್ದದ್ದು ಎರಡೇ ಗಜ. ಚೆಂಡು ಜಾಶ್ ರೆನಾಲ್ಡ್ಸ್ ಕೈಗೇ ಬಂದು ಜಾರಿತು. ಜಾರಿದ್ದು ಕೋಚ್ ಬುದ್ಧಿ ಎಂದು ಪಂಡಿತರು ತೀರ್ಪಿತ್ತರು.

ಆದ್ದರಿಂದ ನಾನು ಗ್ರೀನ್ ಬೇ ಪ್ಯಾಕರ್ಸ್ ಕೋಚ್ ಮ್ಯಾಟ್ ಲಾಫ್ಲರ್ ಅವರ ಭಕ್ತನಾಗಲು ನಿಶ್ಚಯಿಸಿದ್ದೇನೆ. 2021ರ ಜನವರಿಯಲ್ಲಿ ಟ್ಯಾಂಪಾ ಬೇ ವಿರುದ್ಧ ಎಂಟು ಅಂಕ ಹಿಂದಿದ್ದು, ಗೋಲ್ ಗೆರೆಗೆ ಎಂಟೇ ಗಜ ಉಳಿದು, ಗಡಿಯಾರದಲ್ಲಿ ಎರಡು ನಿಮಿಷ ಚಿಲ್ಲರೆ ಇದ್ದಾಗ, ಅವರು ಆರನ್ ರಾಜರ್ಸ್‌ರಂಥ ಆಟಗಾರನನ್ನು ಬದಿಗೆ ಕರೆದು ಒದೆಯುವವನನ್ನು ಕಳುಹಿಸಿದರು. ಮೂರು ಅಂಕ ಬಂದವು. ಮೊದಲು ಸಮ ಮಾಡಿಕೊಳ್ಳಲು ಒಂದು ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿದರೆ ಸಿಗುವ ಆರು ಅಂಕ) ಮತ್ತು ಅದರ ಬೆನ್ನಿಗೇ ಎರಡು ಅಂಕದ ಹೆಚ್ಚುವರಿ ಯತ್ನದಲ್ಲಿ ಯಶಸ್ಸು ಬೇಕಿತ್ತು. ಒದ್ದ ಮೇಲೆ ಗೆಲ್ಲಲು ಒಂದು ಟಚ್‌ಡೌನ್ ಬೇಕಾಯಿತು, ಚೆಂಡು ಮಾತ್ರ ಟ್ಯಾಂಪಾ ಬೇ ತಂಡದ ಟಾಮ್ ಬ್ರೇಡಿ ಕೈ ಸೇರಿತು. ಅವರು ಅದನ್ನು ಹಿಂದಕ್ಕೆ ಕೊಡಲಿಲ್ಲ.

ಹತ್ತು ಗಜಕ್ಕೆ ನಾಲ್ಕು ಅವಕಾಶ ಕೊಡುವ ಆಟದಲ್ಲಿ ಮೂರನ್ನು ಮಾತ್ರ ಬಳಸುವುದು ಎಂಥ ವೈರಾಗ್ಯ! ಅದರ ಶಾಸ್ತ್ರವನ್ನೂ ಗಮನಿಸಬೇಕು. ಎದುರಾಳಿಗಳು ತುಟಿಯ ಚಲನೆ ಓದಿಬಿಟ್ಟಾರೆಂದು ಕೋಚ್, ಹೋಟೆಲ್ ಮೆನುವಿನಂಥ ಲ್ಯಾಮಿನೇಟ್ ಮಾಡಿದ ಹಾಳೆಯಿಂದ ಬಾಯಿ ಮರೆಮಾಡಿಕೊಂಡು, ಬ್ರಹ್ಮೋಪದೇಶದ ಗಾಂಭೀರ್ಯದಲ್ಲಿ 'ಪಂಟ್' (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಎಂದು ಪಿಸುಗುಟ್ಟುತ್ತಾರೆ. ಆ ಚೆಂಡನ್ನು ಹಿಡಿಯಬೇಕಾದ ಎದುರಾಳಿ ಅಷ್ಟರಲ್ಲಾಗಲೇ ನಲವತ್ತು ಗಜ ಹಿಂದೆ ಹೋಗಿ ಕೈ ಉಜ್ಜಿಕೊಳ್ಳುತ್ತ ನಿಂತಿರುತ್ತಾನೆ.

ತಂಡಗಳು ಒದೆಯಬಾರದ ಕಡೆಯೂ ಒದೆಯುತ್ತಿವೆ ಎಂದು ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 2002ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2009ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ತಮ್ಮದೇ ಬದಿಯ 28ನೇ ಗಜದಲ್ಲಿ ಪಂಟ್ ಒಲ್ಲದೆ ಕೋಲ್ಟ್ಸ್ ತಂಡಕ್ಕೆ ಒಂದು ಅಂಕದಿಂದ ಸೋತಾಗ, ಅಷ್ಟರಲ್ಲಿ ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿದ್ದ ಅವರಿಗೂ ಪಂಡಿತರು ಅಹಂಕಾರಿಯ ಪಟ್ಟ ಕಟ್ಟಿದರು.

ಹಾಸ್ಯ ಸಾಕು. ಡೆಟ್ರಾಯಿಟ್ 1957ರ ನಂತರ ಲೀಗ್ ಚಾಂಪಿಯನ್ ಆಗಿಲ್ಲ. 2008ರಲ್ಲಂತೂ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತು. ಆ ಅರ್ಧ ಶತಮಾನದಲ್ಲಿ ಅಲ್ಲಿನ ಕೋಚ್‌ಗಳು ಮರ್ಯಾದೆಯಿಂದ ಒದ್ದುಕೊಟ್ಟ ಪಂಟ್‌ಗಳಲ್ಲಿ ಒಂದನ್ನಾದರೂ ಯಾವ ವಾಹಿನಿಯೂ ನಿಧಾನಗತಿಯಲ್ಲಿ ತೋರಿಸಿ ಲೆಕ್ಕ ಕೇಳಿದ್ದನ್ನು ನಾನು ಕಂಡಿಲ್ಲ. ರೆನಾಲ್ಡ್ಸ್ ಕೈಯಿಂದ ಜಾರಿದ ಚೆಂಡನ್ನು ಮಾತ್ರ ಈ ವರ್ಷವೂ ಮೂರು ಕೋನಗಳಿಂದ ತೋರಿಸುತ್ತಾರೆ. ಲಾಫ್ಲರ್ ಒದೆಸಿದ ಚೆಂಡಿನ ಮೇಲೆ ಯಾರೂ ದೋಷ ಹೊರಿಸುವಂತಿಲ್ಲ. ಅದು ಕಂಬಗಳ ನಡುವೆ ಸರಿಯಾಗಿಯೇ ಹೋಗಿತ್ತು.