ಟೀ ಶರ್ಟ್ ಮೇಲಿನ ಸೂರ್ಯ

ಕ್ರೀಡಾಕೂಟಕ್ಕೆ ಶಾಲೆಯದೇ ಟೀ ಶರ್ಟ್ ಮಾಡಿಸೋಣ, ಚಿತ್ರ ಮಕ್ಕಳೇ ಬಿಡಿಸಲಿ ಅಂತ ಮೀಟಿಂಗಿನಲ್ಲಿ ಹೇಳಿದವಳು ನಾನೇ. ನಮ್ಮಲ್ಲಿ ಯಾರು ಬಾಯಿ ಬಿಡುತ್ತಾರೋ ಅವರ ತಲೆಗೇ ಕೆಲಸ ಕಟ್ಟುತ್ತಾರೆ. ಕಟ್ಟಿದರು.

ವಾರದಲ್ಲಿ 43 ಚಿತ್ರ ಬಂದವು. ಅದರಲ್ಲಿ 19 ಹೊಯ್ಸಳ ಲಾಂಛನ. ಹಾಸನದ ಮಕ್ಕಳು, ಬೇಲೂರು, ಹಳೇಬೀಡು ನೋಡಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬೇರೆ ಏನು ಬಿಡಿಸಿಯಾರು? ಆದರೆ ಸಿಂಹ ಬಿಡಿಸೋದು ಸುಲಭ ಅಲ್ಲ. ಒಂದರಲ್ಲಂತೂ ಸಳ ಬೀದಿನಾಯಿಗೆ ಬಿಸ್ಕೆಟ್ ಹಾಕುತ್ತಿದ್ದ. ಒಬ್ಬ ಇಸ್ರೋ ಕೇಂದ್ರದ ದೊಡ್ಡ ಆಂಟೆನಾ ಬರೆದಿದ್ದ. ಪಕ್ಕದಲ್ಲಿ ಚಟ್ನಿ ಇಟ್ಟರೆ ದೋಸೆ. ಬೂಟು ಹಾಕಿಕೊಂಡು ಓಡುವ ಆಲೂಗಡ್ಡೆ ನನಗೆ ತುಂಬಾ ಹಿಡಿಸಿತ್ತು. "ಮೇಡಂ, ನಾವು ಓದಿಸ್ತಿರೋದು ಮಕ್ಕಳನ್ನ" ಅಂದರು ಹೆಡ್‌ಮಾಸ್ಟರು. ಆಲೂಗಡ್ಡೆ ಹೋಯಿತು.

ಗೆದ್ದದ್ದು ಆರನೇ ಕ್ಲಾಸಿನ ಹುಡುಗಿಯ ಕಾಡಾನೆ. ಆಲೂರು ಕಡೆಯವಳು, ನೋಡಿಯೇ ಬರೆದಿದ್ದಳು. ಆನೆ ತಂತಿಬೇಲಿ ದಾಟುತ್ತಿತ್ತು. ಒಂದು ಕಾಲು ಆಚೆ, ಮೂರು ಕಾಲು ಈಚೆ, ಬಾಯಲ್ಲಿ ಬಾಳೆಗೊನೆ. ಕಳ್ಳತನ ಮಾಡುವವರ ಮುಖದಲ್ಲಿ ಇರುತ್ತಲ್ಲ, ಅದೇ ಗಾಂಭೀರ್ಯ.

ಪ್ರಿಂಟ್ ಹಾಕುವವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಕಲರ್ ಮೇಡಂ?" ಎಣಿಸಿದೆ. 11.

"ಒಂದು ಕಲರ್‌ಗೆ ಒಂದು ಸ್ಕ್ರೀನು. ಒಂದೊಂದು ಶರ್ಟಿಗೂ 11 ಸಲ ಇಂಕ್ ಎಳೀಬೇಕು. ಶರ್ಟಿಗಿಂತ ಆನೆನೇ ದುಬಾರಿ ಆಗುತ್ತೆ."

ಆನೆ ಒಂದೇ ಬಣ್ಣಕ್ಕೆ ಇಳಿಯಿತು. ಶಾಲೆಯ ಹೆಸರನ್ನು ‘ನುಡಿ’ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ತೆರೆದರೆ ತಲೆ ಮೇಲೆ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ದಂಡು. ಅವರು ಪಾಪ, ಅದೂ ಮಕ್ಕಳ ಡಿಸೈನೇ ಇರಬೇಕು ಅಂತ ಸುಮ್ನೆ ಸ್ಕ್ರೀನ್ ಮಾಡಲು ಹೊರಟಿದ್ದರು. ಪಿಡಿಎಫ್ ಕಳಿಸಿ ಬಚಾವಾದೆ.

ಶರ್ಟು ಬಂದವು. ಆನೆ ಚೆನ್ನಾಗಿತ್ತು. ಹೆಸರು ಸರಿಯಾಗಿತ್ತು. ಆನೆಯ ಬೆನ್ನ ಹಿಂದೆ ಒಂದು ಸೂರ್ಯನೂ ಇದ್ದ.

ನಾನು ಅದನ್ನೇ ನೋಡುತ್ತಾ ನಿಂತೆ. ಪೂರ್ತಿ ದುಂಡಗಿರಲಿಲ್ಲ, ಎಡಗಡೆ ಸ್ವಲ್ಪ ಹರಿದಿತ್ತು. ನಮ್ಮನೆ ಕಾಫಿ ಲೋಟದ ತಳದಷ್ಟೇ ಅಗಲ. ಕೊಡುವ ಹಿಂದಿನ ರಾತ್ರಿ ಚಿತ್ರಗಳ ಕಟ್ಟಿನ ಮೇಲೆ ಲೋಟ ಇಟ್ಟು ಅಂಕ ಹಾಕುತ್ತಿದ್ದೆ. ಕಲೆ ಕಂಡಿತ್ತು, ಸೆರಗಿನಲ್ಲಿ ಒರೆಸಿದ್ದೆ. ಹೋಯಿತು ಅಂದುಕೊಂಡಿದ್ದೆ. ಪ್ರಿಂಟಿನವರು ಅಷ್ಟು ಶ್ರದ್ಧೆಯಿಂದ ಟ್ರೇಸ್ ಮಾಡುತ್ತಾರೆ ಅಂತ ಯಾರಿಗೆ ಗೊತ್ತಿತ್ತು!

ಕ್ರೀಡಾಕೂಟದ ದಿನ ಹೆಡ್‌ಮಾಸ್ಟರು ಮೈಕ್ ಹಿಡಿದು, ಪಶ್ಚಿಮ ಘಟ್ಟದ ಸೂರ್ಯೋದಯವನ್ನು ಈ ಪುಟ್ಟ ಹುಡುಗಿ ಎಷ್ಟು ಚೆಂದ ಮೂಡಿಸಿದ್ದಾಳೆ ಅಂತ ಐದು ನಿಮಿಷ ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಜಾಸ್ತಿ.

ಬಹುಮಾನ ಹಿಡಿದುಕೊಂಡು ಹುಡುಗಿ ನನ್ನ ಹತ್ತಿರವೇ ಬಂದಳು. ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಮಿಸ್, ಕಾಫಿನಾ, ಟೀನಾ?"