ಅರ್ಧ ದಿನದಾಗ ಬೀದರ್ ಮುಗೀತಂತ!

‘ಬೆಳಿಗ್ಗೆ ಬೀದರ್ ಕೋಟೆ, ಮಧ್ಯಾಹ್ನ ಬಸವಕಲ್ಯಾಣ, ಸಂಜೆ ಕಲಬುರಗಿ’ ಎಂದು ಪ್ರವಾಸದ ಪಟ್ಟಿ ಮಾಡಿಕೊಡುವವರ ಕೈಗೆ ಮೊದಲು ಒಂದು ನಕಾಶೆ ಕೊಡಬೇಕು. ಬೀದರಿನಿಂದ ಕಲ್ಯಾಣಕ್ಕೆ ಸುಮಾರು 80 ಕಿ.ಮೀ., ಅಲ್ಲಿಂದ ಕಲಬುರಗಿಗೆ ಮತ್ತೆ ಅಷ್ಟೇ. ಅರ್ಧ ದಿನ ರಸ್ತೆಯಾಗೇ ಹೋತು.

ಕೋಟೆಯೊಂದಕ್ಕೇ ಮೂರು ತಾಸು ಬೇಕು ಮಾರಾಯ್ರ. ಕೋಟೆಯೊಳಗಿನ ರಂಗೀನ್ ಮಹಲ್ ಅರಮನೆಯ ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನಚಿಪ್ಪಿನ ಕುಸುರಿ ನೋಡದೆ ಬಂದವರೇ ಜಾಸ್ತಿ, ಯಾಕಂದ್ರ ಬಾಗಿಲಿಗೆ ಬಹಳ ಸಲ ಬೀಗ. ಹಳೇ ಹಮಾಮಿನೊಳಗಿನ (ಸ್ನಾನಗೃಹ) ವಸ್ತುಸಂಗ್ರಹಾಲಯಕ್ಕೆ ಮೊದಲು ಹೋಗಿ, ಅಲ್ಲಿಯ ಸಿಬ್ಬಂದಿಯನ್ನು ಕೇಳಬೇಕು. ಸಂಜೆ ಐದಕ್ಕೆ ಓಡಿ ಬಂದು ಕೇಳಿದರೆ ಯಾರು ತೆಗೀತಾರ?

ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳು ಊರಿಂದ ಮೂರ್ನಾಲ್ಕು ಕಿ.ಮೀ. ಅಷ್ಟೇ, ಆದರೂ ಪಟ್ಟಿಯಲ್ಲಿ ಇರುವುದೇ ಇಲ್ಲ. ಅಹ್ಮದ್ ಶಾನ ಗುಂಬಜಿನೊಳಗೆ ಬಣ್ಣದ ಚಿತ್ತಾರ ಉಂಟು, ಆದರೆ ಕತ್ತಲು. ಬ್ಯಾಟರಿ ಒಯ್ಯಿರಿ, ಫ್ಲ್ಯಾಶ್ ಹೊಡೆಯಬೇಡಿ. 1472ರ ಮಹಮೂದ್ ಗಾವಾನ್ ಮದರಸಾ ಊರ ನಡುವೆಯೇ ಇದೆ, ಚೌಬಾರಾ ಅನ್ನೋ ಹಳೇ ಕಾವಲು ಗೋಪುರದ ಕಡೆ ಬಿದರಿ ಕಲೆಯ ಅಂಗಡಿಗಳ ಜೊತೆ ನಡೆದೇ ಮುಗಿಸಬಹುದು.

ಊಟದ ಮಾತಂತೂ ಕೇಳಲೇಬೇಡಿ. ದಾರಿ ಬದಿಯ ದೊಡ್ಡ ಹೋಟೆಲಿನಲ್ಲಿ ನಾನ್-ಪನೀರ್ ತಿಂದು ‘ಇಲ್ಲಿ ಊಟ ಸುಮಾರು’ ಅನ್ನುತ್ತಾರೆ. ಖಾನಾವಳಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋದರೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಿಗುತ್ತದೆ. ಮೂರೂವರೆಗೆ ಹೋದರೆ ಕಟಕ್ ರೊಟ್ಟಿ, ತಳ ಕಂಡ ಪಲ್ಯ.